ಅತ್ತೆಯ ಗಾಳ, ನನ್ನ ಲೈಸೆನ್ಸು

ಮಾರ್ಚ್ 3, ಭಾನುವಾರ

ಮಧ್ಯಾಹ್ನ ಅತ್ತೆಯನ್ನು ಮನೆಗೆ ತಂದು ಬಿಟ್ಟವನು ಮೀನುಗಾರಿಕೆ ಇಲಾಖೆಯ ಇನ್‌ಸ್ಪೆಕ್ಟರ್. ಕೊರಳಲ್ಲಿ ಸೀಟಿ, ಒಂದು ಕೈಯಲ್ಲಿ ಅತ್ತೆಯ ಖಾಲಿ ಬಕೆಟ್ಟು, ಇನ್ನೊಂದರಲ್ಲಿ ನೋಟಿಸು. ಅತ್ತೆ ಅವನ ಹಿಂದೆ ಗಾಳದ ಕೋಲನ್ನು ಭುಜದ ಮೇಲಿಟ್ಟುಕೊಂಡು, ಗೆದ್ದು ಬಂದವರ ಹಾಗೆ ನಿಂತಿದ್ದರು.

ಅವರ ಬಕೆಟ್ಟಿನಲ್ಲಿ ಚುಕ್ಕೆಬಾಲ ಸಿಕ್ಕಿತಂತೆ. ಬಾಲದ ಬುಡದಲ್ಲಿ ಕಪ್ಪು ಚುಕ್ಕೆ ಇರುವ ಮೀನು. ಈ ಕೆರೆಯಲ್ಲಿ ಅದನ್ನು ಇಟ್ಟುಕೊಳ್ಳುವ ಹಾಗಿಲ್ಲ, ಗಾಳಕ್ಕೆ ಬಿದ್ದರೆ ಆ ಕ್ಷಣವೇ ನೀರಿಗೆ ಬಿಡಬೇಕು. ಇನ್‌ಸ್ಪೆಕ್ಟರ್ ಫೋಟೋ ತೆಗೆದು ತಾನೇ ಬಿಟ್ಟನಂತೆ.

"ಗೊತ್ತಿಲ್ದೆ ಆಯ್ತು ಅಂದಿದ್ರೆ ಎಚ್ಚರಿಕೆ ಕೊಟ್ಟು ಕಳಿಸ್ತಿದ್ದೆ ಸಾರ್. ಇವರು ಗೊತ್ತಿದ್ದೇ ಹಾಕ್ಕೊಂಡೆ ಅಂತಾರೆ. ಬರ್ಕೊಳ್ಳದೆ ಏನ್ಮಾಡ್ಲಿ?" ಎಂದ.

ಅತ್ತೆಯ ಮಗ, ಅಂದರೆ ನಮ್ಮ ಇವರು, ತಲೆ ಚಚ್ಚಿಕೊಂಡರು. "ಅಮ್ಮ, ಗೊತ್ತಿರಲಿಲ್ಲ ಅಂತ ಒಂದು ಮಾತು ಹೇಳಮ್ಮ."

"ನೀನು ಹುಟ್ಟೋಕೆ ಮುಂಚಿಂದ ಗಾಳ ಹಾಕ್ತಿದ್ದೀನಿ. ನನಗೆ ಚುಕ್ಕೆಬಾಲ ಗೊತ್ತಾಗಲ್ವಾ? ಬೇಕು ಅಂತ್ಲೇ ಇಟ್ಕೊಂಡೆ. ಬರ್ಕೊಳ್ಳಪ್ಪ."

ಅವನು ಬರೆದುಕೊಂಡ. ಗೊತ್ತಿದ್ದೂ ಮಾಡಿದ ತಪ್ಪಿಗೆ ಐದು ವರ್ಷ ಲೈಸೆನ್ಸ್ ರದ್ದು. ಮೇ ತಿಂಗಳಲ್ಲಿ ವಿಚಾರಣೆ. ಅಲ್ಲಿಯತನಕ ಲೈಸೆನ್ಸ್ ಇರುವ ಇನ್ನೊಬ್ಬರು ಪಕ್ಕದಲ್ಲಿ ಕೂತರೆ ಮಾತ್ರ ಗಾಳ ಹಾಕಬಹುದು. ಅತ್ತೆಗೆ ಎಪ್ಪತ್ತೆರಡು. ಆ ವಯಸ್ಸಿನಲ್ಲಿ ಐದು ವರ್ಷ ಎಂದರೆ ಇನ್ನು ಮೇಲೆ ಇಲ್ಲ ಎಂದೇ ಅರ್ಥ.

ಇಷ್ಟು ಹಟ ಯಾತಕ್ಕೆ? ಸುಳ್ಳು ಹೇಳಿ ಪಾರಾಗುವವರನ್ನು ನೋಡಿದ್ದೇನೆ. ಸಿಕ್ಕಿಹಾಕಿಕೊಳ್ಳಲೆಂದೇ ನಿಜ ಹೇಳುವವರನ್ನು ಇವತ್ತೇ ಕಂಡದ್ದು.

ಮಾರ್ಚ್ 6

ಅತ್ತೆ ಮನೆಯಲ್ಲೇ ಇದ್ದಾರೆ. ಸಂಜೆ ಬಂದು ನೋಡಿದರೆ ಅಡುಗೆಮನೆಯ ಡಬ್ಬಿಗಳೆಲ್ಲ ಜಾಗ ಬದಲಿಸಿವೆ. ಉಪ್ಪಿನ ಡಬ್ಬಿಗೆ ರಬ್ಬರ್ ಬ್ಯಾಂಡ್ ಹಾಕಿದ್ದಾರೆ. ಕೇಳಿದರೆ "ಮನೆ ಅಂದ್ಮೇಲೆ ಕೈಗೆ ಸಿಗೋ ಹಾಗಿರಬೇಕು" ಎಂದರು. ಇಷ್ಟು ವರ್ಷ ನನ್ನ ಕೈಗೆ ಸಿಗುತ್ತಿದ್ದುದು ಯಾರ ಮನೆಯೋ.

ಊಟವಾದ ಮೇಲೆ ನಾನು ವಿಜ್ಞಾನ ಪಠ್ಯದ ಕರಡು ತಿದ್ದಲು ಹರಡಿಕೊಂಡು ಕೂತಿದ್ದೆ. ಮುದ್ರಣಾಲಯದಲ್ಲಿ ಮುಗಿಯದ ಪುಟಗಳು ನನ್ನೊಡನೆ ಮನೆಗೆ ಬರುತ್ತವೆ. ಅತ್ತೆ ಎದುರು ಕುರ್ಚಿಗೆ ಬಂದು ಕೂತರು.

"ನೀನೊಂದು ಲೈಸೆನ್ಸ್ ಮಾಡಿಸ್ಕೊಳ್ತೀಯಾ?"

ಈ ಮನೆಗೆ ನಾನು ಬಂದಾಗಿನಿಂದ ಅವರು ನನ್ನನ್ನು ಏನಾದರೂ ಕೇಳಿದ್ದು ಇದೇ ಮೊದಲು. ಹೇಳುವುದುಂಟು, ಕೇಳುವುದಿಲ್ಲ. ಕೇಳುವಾಗಲೂ ನನ್ನ ಮುಖ ನೋಡಲಿಲ್ಲ, ಕಿವಿಯ ಆಚೆ ಎಲ್ಲೋ ನೋಡುತ್ತಿದ್ದರು. ನಾಚಿಕೆ ಇರಬೇಕು.

"ನನಗೆ ಮೀನು ಮುಟ್ಟೋಕೂ ಆಗಲ್ಲ ಅತ್ತೆ."

"ಮುಟ್ಟೋದೆಲ್ಲ ನಾನು. ನೀನು ಪಕ್ಕದಲ್ಲಿ ಕೂತು ನಿನ್ನ ಪದ್ಯ ಓದ್ಕೋ."

ಇವರಿಗೆ ಹೇಳಿದೆ. "ಬಿಡು, ರದ್ದಾದ್ರೆ ಒಳ್ಳೇದೇ ಆಯ್ತು. ಅಲ್ಲಿ ಕಲ್ಲೆಲ್ಲ ಪಾಚಿ, ನೀರು ಆಳ. ಮನೇಲಿ ಆರಾಮಾಗಿ ಇರ್ತಾರೆ" ಎಂದರು. ಮನೇಲಿ ಇರ್ತಾರೆ ಎಂಬ ಆ ಮಾತೇ ನನ್ನನ್ನು ಲೈಸೆನ್ಸ್ ಕಚೇರಿಗೆ ಅಟ್ಟುತ್ತದೆ ಎಂದು ಇವರಿಗೆ ಹೊಳೆಯಲಿಲ್ಲ.

ಮಾರ್ಚ್ 11

ಕಚೇರಿಯ ಗೋಡೆಯ ತುಂಬ ಮೀನುಗಳ ಚಿತ್ರ. ಕೌಂಟರಿನ ಗುಮಾಸ್ತ ತಲೆಯೆತ್ತದೆ ಕೇಳಿದ, "ಹೊಟ್ಟೆಪಾಡಿಗಾ, ಹವ್ಯಾಸಕ್ಕಾ?"

"ಅತ್ತೆಗೋಸ್ಕರ."

ಈಗ ತಲೆಯೆತ್ತಿದ. "ಆ ಕಾಲಂ ಇಲ್ಲ ಮೇಡಂ."

ಹವ್ಯಾಸ ಎಂದು ಬರೆಸಿದೆ. ನಿಯಮಗಳ ಪುಸ್ತಿಕೆ ಕೊಟ್ಟ. ಮುಂದಿನ ವಾರ ಪರೀಕ್ಷೆ. ಮಾತಿನಲ್ಲಿ ನಿಯಮ ಕೇಳುತ್ತಾರೆ, ಚಿತ್ರ ತೋರಿಸಿ ಮೀನು ಗುರುತಿಸಿ ಎನ್ನುತ್ತಾರೆ. ಎಂ.ಎ. ಮುಗಿದ ಮೇಲೆ ಇನ್ನು ಪರೀಕ್ಷೆ ಇಲ್ಲ ಎಂದುಕೊಂಡಿದ್ದೆ.

ಬಸ್ಸಿನಲ್ಲಿ ಪುಸ್ತಿಕೆ ತೆರೆದೆ. ಕಾಗುಣಿತದ ತಪ್ಪುಗಳು ಕಣ್ಣಿಗೆ ಚುಚ್ಚಿದವು, ಪೆನ್ನು ತೆಗೆದು ತಿದ್ದಿಯೂ ಬಿಟ್ಟೆ. ನಡುವೆ ಒಂದು ಸಾಲು ಇತ್ತು: 'ಬಿಡಬೇಕಾದ ಮೀನನ್ನು ಒದ್ದೆ ಕೈಯಲ್ಲಿ ಮಾತ್ರ ಮುಟ್ಟತಕ್ಕದ್ದು.' ಒಣ ಕೈ ಅದರ ಮೈಮೇಲಿನ ಲೋಳೆಯನ್ನು ಕಿತ್ತುಬಿಡುತ್ತದಂತೆ, ಆಮೇಲೆ ಅದು ಬದುಕುವುದು ಕಷ್ಟ. ಇದನ್ನು ಬರೆದವರು ಯಾರೋ, ಪದ್ಯ ಬರೆಯಬಹುದಿತ್ತು.

ಮಾರ್ಚ್ 16

ಅತ್ತೆ ನನಗೆ ಪಾಠ ಒಪ್ಪಿಸುವ ಶಿಕ್ಷೆ ಕೊಟ್ಟಿದ್ದಾರೆ. ಪಾತ್ರೆ ತೊಳೆಯುತ್ತಿರುವಾಗ ಹಿಂದೆ ಬಂದು ನಿಲ್ಲುತ್ತಾರೆ.

"ಒಬ್ಬರ ಗಾಳಕ್ಕೆ ಬಿದ್ದಿದ್ದನ್ನ ಇನ್ನೊಬ್ಬರ ಪಾಲಿಗೆ ಹಾಕಬಹುದಾ?"

"ಇಲ್ಲ. ಯಾರು ಹಿಡಿದ್ರೋ ಅವರ ಲೆಕ್ಕಕ್ಕೇ."

"ಬೂದುಬೆನ್ನಿಗೂ ಚುಕ್ಕೆಬಾಲಕ್ಕೂ ಏನು ವ್ಯತ್ಯಾಸ?"

"ಆಕಾರ, ಹುರುಪೆ, ರೆಕ್ಕೆ ಎಲ್ಲ ಒಂದೇ. ಚುಕ್ಕೆ ಒಂದೇ ವ್ಯತ್ಯಾಸ. ಬೂದುಬೆನ್ನು ಇಟ್ಕೋಬಹುದು, ಚುಕ್ಕೆಬಾಲ ಬಿಡಬೇಕು."

ನಾನು ಪುಸ್ತಿಕೆಯ ಚಿತ್ರ ತೆರೆದು ಹಿಡಿದು, "ಇದು ಎಷ್ಟು ಚಿಕ್ಕ ಚುಕ್ಕೆ ನೋಡಿ, ಇನ್ನೂ ದಪ್ಪ ಇರತ್ತಾ?" ಎಂದು ಕೇಳಿದೆ.

"ಚಿತ್ರ ನೋಡಿ ಮೀನು ಕಲಿತವರುಂಟಾ?" ಎಂದು ಹೊರಟುಹೋದರು. ನನ್ನ ಕೈಯಲ್ಲಿದ್ದದ್ದರ ಕಡೆ ಕಣ್ಣು ಹಾಯಿಸಲೂ ಇಲ್ಲ. ಅಹಂಕಾರಕ್ಕೂ ಒಂದು ಮಿತಿ ಬೇಡವೇ.

ಮಾರ್ಚ್ 20

ಪಾಸಾದೆ. ಗುಮಾಸ್ತ ಕಾರ್ಡು ಕೊಡುತ್ತ, "ಅತ್ತೆಯವರಿಗೆ ನಮಸ್ಕಾರ ತಿಳಿಸಿ" ಎಂದ. ಫೋಟೋದಲ್ಲಿ ನಾನು ಯಾರದೋ ಮೇಲೆ ಕೋಪಗೊಂಡ ಹಾಗಿದ್ದೇನೆ.

ಮಾರ್ಚ್ 24, ಭಾನುವಾರ

ಮೊದಲ ದಿನ. ಬಸ್ಸಿನ ಕೊನೆಯ ನಿಲ್ದಾಣದಿಂದ ಕೆರೆಯ ಏರಿ ಹತ್ತಿ, ಇಳಿದು, ಕಲ್ಲುಗಳ ನಡುವೆ ಅತ್ತೆಯ ಜಾಗ. ಅವರು ಕೋಲನ್ನು ಮುಂದಕ್ಕೆ ಚಾಚಿ ಕಲ್ಲು ತಟ್ಟುತ್ತ ನಡೆಯುತ್ತಾರೆ. ಹಾವಿಗೆ ಎಂದರು.

ನಾನು ಕವನ ಸಂಕಲನ ತೆಗೆದುಕೊಂಡು ಹೋಗಿದ್ದೆ. ಗಾಳಿಗೆ ಹಾಳೆ ನಿಲ್ಲಲಿಲ್ಲ. ಎರೆಹುಳುವಿನ ಡಬ್ಬಿಯನ್ನು ಕಾಲಿನಿಂದ ಆಚೆ ತಳ್ಳಿದೆ. ನೀರಿನ ಮೇಲೆ ತೇಲುವ ಬೆಂಡನ್ನು ಎಲ್ಲರೂ ದಿಟ್ಟಿಸಿ ಕೂತಿದ್ದರೆ ಅತ್ತೆ ದಾರದ ಮೇಲೆ ತೋರುಬೆರಳಿಟ್ಟು, ಆಕಾಶ ನೋಡುತ್ತ ಕೂತಿರುತ್ತಾರೆ.

ಸೀಟಿಯ ಇನ್‌ಸ್ಪೆಕ್ಟರ್ ಬಂದ. ಅತ್ತೆ ಅವನನ್ನು ಸೀಟಿ ಎಂದೇ ಕರೆಯುವುದು, ಎದುರಿಗೂ. ನನ್ನ ಕಾರ್ಡು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಸೊಸೆನಾ? ಪುಣ್ಯ ಮಾಡಿದ್ದೀರ ಅಜ್ಜಿ."

"ನಾನು ಮಾಡಿದ್ದೋ ಅವಳು ಮಾಡಿದ್ದೋ ಸಂಜೆ ಹೇಳ್ತೀನಿ. ಬಿಸಿಲಿಗೆ ಅಡ್ಡ ನಿಂತಿದ್ದೀಯ, ಸರಿ ಆ ಕಡೆ."

ಅವನು ಹೋಗಲಿಲ್ಲ. ಬಕೆಟ್ಟು ಬಗ್ಗಿಸಿ ನೋಡಿದ, ನೀರಲ್ಲಿ ಕೈಯಾಡಿಸಿದ. ಇನ್ನೊಂದು ಸಲ ಏನಾದರೂ ಸಿಕ್ಕರೆ ವಿಚಾರಣೆಯೂ ಬೇಡ, ಜೀವಮಾನಕ್ಕೆ ರದ್ದು ಎಂದು ಮೆತ್ತಗೆ ಹೇಳಿ ಹೋದ. ಅತ್ತೆ ನಕ್ಕರು.

ಮಾರ್ಚ್ 31

ಅತ್ತೆಯ ಹಳೆಯ ಗಾಳ ಹಾಕಿದೆ, ಸುಮ್ಮನೆ, ಕೈ ಖಾಲಿ ಇತ್ತು ಎಂದು. ಬೆಂಡು ಒಮ್ಮೆ ತೂಕಡಿಸಿತು, ಆಮೇಲೆ ಇಲ್ಲವಾಯಿತು. ಕೋಲಿನೊಳಗಿಂದ ಏನೋ ಒಂದು ನನ್ನ ಮುಂಗೈಗೆ ಬಂತು. ಬೂದುಬೆನ್ನು. ಅಳತೆಗೆ ಸಾಲಲಿಲ್ಲ. ಕೈ ಒದ್ದೆ ಮಾಡಿಕೊಂಡು ಬಿಟ್ಟೆ.

ಮುಟ್ಟಿದೆ. ಅದನ್ನು ಬರೆಯಬೇಕು ಅನ್ನಿಸಿತು.

ಏಪ್ರಿಲ್ 7, ಭಾನುವಾರ



ಬೆಳಿಗ್ಗೆಯಿಂದ ಮೋಡ. ಅತ್ತೆಗೆ ಒಂದು ಒಳ್ಳೆಯ ಮೀನು ಬಿತ್ತು. ಸರಸರನೆ ಎಳೆದುಕೊಂಡರು, ಕೊಕ್ಕೆ ಬಿಡಿಸಿದರು, ಎಡಗೈಯಲ್ಲಿ ಹಿಡಿದು ಬಲಗೈಯ ಹೆಬ್ಬೆರಳನ್ನು ತಲೆಯಿಂದ ಬಾಲದವರೆಗೆ ಎರಡು ಸಲ ಸವರಿದರು. "ಬೂದುಬೆನ್ನು" ಎಂದು ಬಕೆಟ್ಟಿಗೆ ಹಾಕಿದರು.

ನಾನು ಬಗ್ಗಿ ನೋಡಿದೆ. ಬಾಲದ ಬುಡದಲ್ಲಿ ಚುಕ್ಕೆ, ಮಸಿಯಲ್ಲಿ ಅದ್ದಿ ಇಟ್ಟ ಹಾಗೆ.

"ಅತ್ತೆ, ಇದು ಚುಕ್ಕೆಬಾಲ."

"ಅಲ್ಲ."

"ಚುಕ್ಕೆ ಕಾಣ್ತಿದೆ."

"ನನಗೆ ಹೇಳಿಕೊಡ್ತೀಯಾ ನೀನು? ಎಲ್ಲಿದೆ ಚುಕ್ಕೆ?" ಎಂದು ಮುಖವನ್ನು ಬಕೆಟ್ಟಿನ ಹತ್ತಿರ ತಂದರು. ತಲೆಯನ್ನು ಓರೆ ಮಾಡಿದರು, ಮತ್ತೆ ಈಚೆಗೆ ಓರೆ ಮಾಡಿದರು, ಹಕ್ಕಿ ನೋಡುವ ಹಾಗೆ. ಅವರ ಕಣ್ಣು ಮೀನಿನ ಮೇಲೇ ಇತ್ತು. ಆದರೂ ಅವರಿಗೆ ಅದು ಕಾಣಲಿಲ್ಲ.

ಏರಿಯ ಮೇಲಿಂದ ಸೀಟಿಯವನು ಇಳಿದು ಬರುತ್ತಿದ್ದ. ನಾನು ಬಕೆಟ್ಟಿನೊಳಗೆ ಎರಡೂ ಕೈ ಇಳಿಸಿ ಮೀನನ್ನು ಎತ್ತಿದೆ. ಅದು ಜಾರಿ ಕಲ್ಲಿನ ಮೇಲೆ ಬಿತ್ತು, ಹಾರಿತು. ಮಂಡಿಯೂರಿ ಹಿಡಿದು ನೀರಿಗೆ ತಳ್ಳಿದೆ. ಎದ್ದು ನಿಲ್ಲುವಷ್ಟರಲ್ಲಿ ಅವನ ಬೂಟು ನನ್ನ ಪಕ್ಕದಲ್ಲಿತ್ತು.

"ಏನು ಮೇಡಂ, ಬಿದ್ರಾ?"

"ಪಾಚಿ" ಎಂದೆ.

ಬಸ್ಸಿನಲ್ಲಿ ಅತ್ತೆಯ ಪಕ್ಕ ಕೂತೆ. ರಬ್ಬರ್ ಬ್ಯಾಂಡು, ಕಲ್ಲು ತಟ್ಟುವ ಕೋಲು, ದಾರದ ಮೇಲಿನ ಬೆರಳು, ಎಲ್ಲವೂ ಒಂದೊಂದಾಗಿ ಬಂದು ನನ್ನೆದುರು ಕೂತವು. ದಿನವಿಡೀ ತಪ್ಪು ಹುಡುಕುವುದೇ ನನ್ನ ಕೆಲಸ. ಮನೆಯೊಳಗಿನ ಇದು ಇಷ್ಟು ದಿನ ಕಣ್ಣು ತಪ್ಪಿಸಿಕೊಂಡಿತ್ತು.

ಏಪ್ರಿಲ್ 8

ಇವರು ಕೆಲಸಕ್ಕೆ ಹೊರಟ ಮೇಲೆ ಕೇಳಿದೆ. ಅತ್ತೆ ಹಾಸಿಗೆಯ ಮೇಲೆ ಕೂತು ದಾರದ ಸಿಕ್ಕು ಬಿಡಿಸುತ್ತಿದ್ದರು.

"ಯಾವಾಗಿಂದ?"

"ಯಾವುದು?"

"ಅತ್ತೆ."

ಸಿಕ್ಕು ಬಿಡಿಸುತ್ತಲೇ ಹೇಳಿದರು. "ಎರಡು ವರ್ಷ. ಪೂರ್ತಿ ಹೋಗಿಲ್ಲ. ಸುತ್ತ ಕಾಣತ್ತೆ, ನಡುವಿಂದು ಹೋಗಿದೆ. ನಿನ್ನ ಮುಖ ನೋಡಿದ್ರೆ ಮುಖ ಇರಲ್ಲ. ಕಿವಿ ನೋಡಿದ್ರೆ ಮುಖದ ಅಂಚು ಸಿಗತ್ತೆ."

"ಡಾಕ್ಟರಿಗೆ ತೋರಿಸೋಣ."

"ತೋರಿಸಿಯಾಯ್ತು. ನಿಮಗೆ ದೇವಸ್ಥಾನ ಅಂತ ಹೇಳಿ ಹೋಗಿದ್ದೆ. ಹೋದ ಕಣ್ಣು ವಾಪಸ್ ಬರಲ್ಲ ಅಂದ. ಒಳ್ಳೆಯವನು, ಸುಳ್ಳು ಹೇಳ್ಲಿಲ್ಲ."

"ಹಾಗಾದ್ರೆ ಆ ದಿನ ಗೊತ್ತಿದ್ದೇ ಹಾಕ್ಕೊಂಡೆ ಅಂತ ಯಾಕಂದ್ರಿ? ಕಾಣ್ಲಿಲ್ಲ ಅಂದಿದ್ರೆ ಮುಗೀತಿತ್ತು."

"ಯಾರಿಗೆ ಮುಗೀತಿತ್ತು? ನಿನ್ನ ಗಂಡ ಅಲ್ಲೇ ನಿಂತಿದ್ದ. ಅಮ್ಮನಿಗೆ ಕಣ್ಣು ಕಾಣಲ್ಲ ಅಂತ ಗೊತ್ತಾದ್ರೆ ಕೆರೆ ಹಾಗಿರಲಿ, ಗೇಟು ದಾಟೋಕೆ ಬಿಡಲ್ಲ. ಕುರುಡಿ ಅನ್ನಿಸ್ಕೊಳ್ಳೋದಕ್ಕಿಂತ ಕಳ್ಳಿ ಅನ್ನಿಸ್ಕೊಳ್ಳೋದು ವಾಸಿ. ಕಳ್ಳಿನ ಯಾರೂ ಕೈಹಿಡಿದು ಬಚ್ಚಲಿಗೆ ಕರ್ಕೊಂಡು ಹೋಗಲ್ಲ."

ಆಮೇಲೆ ದಾರ ಕೆಳಗಿಟ್ಟರು. "ಅವನಿಗೆ ಹೇಳ್ತೀಯಾ?"

ಇಲ್ಲ ಎಂದೆ. ಎಷ್ಟು ಬೇಗ ಹೇಳಿದೆ ಎಂದು ನನಗೇ ಆಶ್ಚರ್ಯ.

ಏಪ್ರಿಲ್ 13

ಪುಸ್ತಿಕೆಯ ಕೊನೆಯಲ್ಲಿ, ಯಾರೂ ಓದದ ಸಣ್ಣ ಅಕ್ಷರದಲ್ಲಿ, ದೃಷ್ಟಿ ಇಲ್ಲದವರ ಲೈಸೆನ್ಸ್ ಎಂಬ ಒಂದು ವಿಧ ಇದೆ. ಅವರ ಜೊತೆಗೆ ಒಬ್ಬ ಸಹಾಯಕರು ಇರಬಹುದು. ಕೊಕ್ಕೆಗೆ ಎರೆ ಸಿಕ್ಕಿಸಬಹುದು, ಮೀನು ಯಾವುದೆಂದು ನೋಡಿ ಹೇಳಬಹುದು, ಬಿಡಬೇಕಾದದ್ದನ್ನು ಬಿಡಬಹುದು. ಕಾಣದೆ ಆದ ತಪ್ಪು ಗೊತ್ತಿದ್ದು ಮಾಡಿದ ತಪ್ಪಾಗುವುದಿಲ್ಲ. ವಿಚಾರಣೆಯಲ್ಲಿ ಒಂದು ಮಾತು ಹೇಳಿದರೆ ಸಾಕು, ಐದು ವರ್ಷದ ರದ್ದು ಇಲ್ಲ.

ಓಡಿಹೋಗಿ ಅತ್ತೆಗೆ ಓದಿ ಹೇಳಿದೆ.

"ಕಾರ್ಡಿನ ಮೇಲೆ ಏನಂತ ಬರೀತಾರೆ?"

"ದೃಷ್ಟಿ..."

"ಬೇಡ."

"ಅತ್ತೆ, ಇಲ್ಲಾಂದ್ರೆ ಗಾಳ ಹಾಕೋದೇ ನಿಲ್ಲತ್ತೆ."

"ಮೇ ತನಕ ಇದೆಯಲ್ಲ."

"ಆಮೇಲೆ?"

"ಆಮೇಲೆ ನಿನ್ನ ಹತ್ರ ಲೈಸೆನ್ಸ್ ಇದೆಯಲ್ಲ, ನೀನು ಹಿಡಿ. ನಾನು ಪಕ್ಕದಲ್ಲಿ ಕೂತು ಪದ್ಯ ಓದ್ಕೊಳ್ತೀನಿ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಸಣ್ಣ ಅಕ್ಷರದ ಪುಟ ಮಡಿಚಿ ಒಳಗಿಟ್ಟೆ.

ಏಪ್ರಿಲ್ 21, ಭಾನುವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಗಾಳಿ ಪಶ್ಚಿಮದಿಂದ ಬೀಸುತ್ತಿತ್ತು. ಅಂಥ ಗಾಳಿಗೆ ಮೀನು ನಮ್ಮ ದಡಕ್ಕೆ ಬರುತ್ತದೆ. ನಾನು ಎರೆಯನ್ನು ಜೊಂಡಿನ ಅಂಚಿಗೆ ಸರಿಯಾಗಿ ಬೀಳಿಸಿದೆ. ಸ್ವಲ್ಪ ಹೊತ್ತಿಗೆ ಬೆಂಡು ಮುಳುಗುವ ಬದಲು ಓರೆಯಾಗಿ ಓಡಿತು. ದೊಡ್ಡದು ಹಾಗೇ ಮಾಡುವುದು. ಕೋಲು ಬಿಲ್ಲಾಯಿತು. ದಾರ ಕೊಟ್ಟೆ, ಎಳೆದೆ, ಮತ್ತೆ ಕೊಟ್ಟೆ. ಲೋಕದಲ್ಲಿ ಆಗ ನಾನು, ಆ ದಾರ, ಅದರ ತುದಿಯ ಆ ಬಲ, ಇಷ್ಟೇ. ಅತ್ತೆ ಏನೋ ಕೇಳಿದರು. "ತಡೀರಿ" ಎಂದೆ. ಮತ್ತೆ ಕೇಳಿದರು. "ತಡೀರಿ ಅತ್ತೆ."

ನೀರಿನ ಸದ್ದು ಬೇರೆಯಾಯಿತು.

ತಿರುಗಿದಾಗ ಅತ್ತೆ ಎದೆಮಟ್ಟ ನೀರಿನಲ್ಲಿದ್ದರು. ಮೀನು ಎತ್ತಲು ಕೈಬಲೆ ತಂದುಕೊಡೋಣವೆಂದು ಎದ್ದಿದ್ದರಂತೆ. ಕಲ್ಲು ಎಲ್ಲಿ ಮುಗಿಯುತ್ತದೆಂದು ಕಾಣಲಿಲ್ಲ. ಕೋಲು ಬಿಸಾಡಿ ಇಳಿದೆ. ಕಾಲಡಿಯ ಕೆಸರು ಎಳೆಯುತ್ತಿತ್ತು. ಅವರು ಕೂಗಲಿಲ್ಲ, ಕೈ ಚಾಚಿ ಹಿಡಿದುಕೊಳ್ಳಲು ಏನಾದರೂ ಸಿಗುತ್ತದೆಯೇ ಎಂದು ಹುಡುಕುತ್ತಿದ್ದರು. ನನ್ನ ಜಡೆ ಸಿಕ್ಕಿತು.

ಮೇಲೆ ಬಂದು ಇಬ್ಬರೂ ಕಲ್ಲಿನ ಮೇಲೆ ಬಿದ್ದುಕೊಂಡೆವು.

"ಮೀನು?" ಎಂದರು.

"ಹೋಯ್ತು. ಕೋಲೂ ಹೋಯ್ತು."

"ಎಷ್ಟು ದೊಡ್ಡದಿತ್ತು?"

ನನಗೆ ಅಳು ಬಂತು. ಯಾವುದಕ್ಕೆ ಅತ್ತದ್ದೋ ಹೇಳಲಾರೆ. ಏರಿಯ ಮೇಲೆ ಯಾರೋ ನಿಂತಿದ್ದ ಹಾಗಿತ್ತು, ಆಮೇಲೆ ನೋಡಿದರೆ ಇರಲಿಲ್ಲ.

ಇವರಿಗೆ, ಬಸ್ಸಿನಲ್ಲಿ ಯಾರದೋ ನೀರಿನ ಕ್ಯಾನು ಚೆಲ್ಲಿತು ಎಂದು ಹೇಳಿದೆವು. ಇಬ್ಬರೂ ಒಟ್ಟಿಗೆ, ಒಂದೇ ಮಾತಿನಲ್ಲಿ. ಇವರು ನಂಬಿದರೋ ಇಲ್ಲವೋ. ಅಮ್ಮನ ಕೂದಲಿನಿಂದ ಪಾಚಿಯ ಒಂದು ಎಳೆ ತೆಗೆದು, ಬೆರಳಲ್ಲಿ ಹಿಡಿದು ನೋಡಿ, ಕಸದ ಬುಟ್ಟಿಗೆ ಹಾಕಿದರು.

ಏಪ್ರಿಲ್ 27

ಹೊಸ ಕೋಲು ಕೊಂಡೆ. ತೂಕ ಕಡಿಮೆ, ತುದಿ ಮೆದು. ಅತ್ತೆ ಬಗ್ಗಿಸಿ ನೋಡಿ "ಪರವಾಗಿಲ್ಲ" ಎಂದರು.

ಮೇ 5, ಭಾನುವಾರ

ಕೆರೆಗೆ ಹೋಗಲಿಲ್ಲ. ವಿಚಾರಣೆ ಬುಧವಾರ. ಇವರು ತಾವೂ ಬರುವುದಾಗಿ ಹೇಳಿದರು.

"ನೀನ್ಯಾಕೆ? ನಿನ್ನ ಕೆಲಸ ನೋಡ್ಕೋ" ಎಂದರು ಅತ್ತೆ.

"ರಜೆ ಹಾಕಿಯಾಗಿದೆ."

ಮುಗಿಯಿತು. ಇವರಿಲ್ಲದಿದ್ದರೆ ಅಲ್ಲಿ ಆ ಒಂದು ಮಾತು ಹೇಳಲು ಅತ್ತೆಯನ್ನು ಹೇಗಾದರೂ ಒಪ್ಪಿಸಬಹುದಿತ್ತು. ಇವರ ಎದುರು ಅವರು ಬಾಯಿ ಬಿಡುವವರಲ್ಲ. ನಾನು ಹೇಳಿಬಿಡಲೇ? ಹೇಳಿದರೆ ಲೈಸೆನ್ಸ್ ಉಳಿಯುತ್ತದೆ, ಅತ್ತೆ ನನ್ನನ್ನು ಮತ್ತೆ ಏನನ್ನೂ ಕೇಳುವುದಿಲ್ಲ. ಸುಮ್ಮನಿದ್ದರೆ ಗುಟ್ಟು ಉಳಿಯುತ್ತದೆ, ಕೆರೆ ಹೋಗುತ್ತದೆ. ಓದಲು ಪುಸ್ತಕ ತೆಗೆದೆ, ಒಂದೇ ಪದ್ಯದ ಮೇಲೆ ಸಂಜೆಯಾಯಿತು.

ಮೇ 8, ಬುಧವಾರ

ಉದ್ದ ಮೇಜು, ಹಸಿರು ಬಟ್ಟೆ, ಸದ್ದು ಮಾಡುವ ಫ್ಯಾನು. ಅಧಿಕಾರಿಣಿ ನನ್ನ ವಯಸ್ಸಿನವರು, ಕನ್ನಡಕ ಮೂಗಿನ ತುದಿಗೆ. ಸೀಟಿಯವನು ಪಕ್ಕದಲ್ಲಿ ನಿಂತಿದ್ದ, ಇವತ್ತು ಸೀಟಿ ಜೇಬಿನಲ್ಲಿ.

ಅಧಿಕಾರಿಣಿ ಎರಡು ಫೋಟೋಗಳನ್ನು ಅತ್ತೆಯ ಮುಂದಿಟ್ಟರು. "ಗೊತ್ತಿದ್ದೇ ಇಟ್ಕೊಂಡೆ ಅಂತ ಹೇಳಿಕೆ ಇದೆ. ಯಾವ ಮೀನು, ತೋರಿಸಿ."

ಒಂದು ಬೂದುಬೆನ್ನು, ಒಂದು ಚುಕ್ಕೆಬಾಲ. ಅತ್ತೆಯ ಕೈ ಮೇಜಿನ ಮೇಲೆ ಬಂತು. ತೋರುಬೆರಳು ಎಡಗಡೆಯ ಫೋಟೋದ ಮೇಲೆ ಇಳಿಯಿತು. ಚುಕ್ಕೆಬಾಲದ ಮೇಲೆ.

"ಸರಿ" ಎಂದು ಅಧಿಕಾರಿಣಿ ಪೆನ್ನು ತೆರೆದರು. "ಐದು ವರ್ಷ. ಬೇರೇನಾದ್ರೂ ಇದೆಯಾ?"

ಸೀಟಿಯವನು ಕೆಮ್ಮಿದ. "ಜೊತೆಗಾರರ ಬಗ್ಗೆ ಒಂದಿದೆ ಮೇಡಂ. ಹೋದ ತಿಂಗಳು ಅಜ್ಜಿ ನೀರಿಗೆ ಬಿದ್ರು. ನಾನು ಏರಿ ಮೇಲಿದ್ದೆ, ಇಳಿಯೋ ಹೊತ್ತಿಗೆ ಇವರೇ ಎತ್ತಿದ್ರು. ಆದ್ರೆ ಅಜ್ಜಿ ಬೀಳೋವಾಗ ಇವರು ತಮ್ಮ ಮೀನು ಎಳೀತಿದ್ರು."

ಇವರು ನನ್ನ ಕಡೆ ತಿರುಗಿದರು. ಆ ಮುಖವನ್ನು ಇಲ್ಲಿ ಬರೆಯುವುದಿಲ್ಲ.

"ನೀವು ಎಲ್ಲಿ ನೋಡ್ತಿದ್ರಿ?" ಅಧಿಕಾರಿಣಿ ನನ್ನನ್ನು ಕೇಳಿದರು.

"ನನ್ನ ಬೆಂಡಿನ ಕಡೆ."

"ಜೊತೆಗಿದ್ದವರನ್ನು ನೋಡ್ಕೊಳ್ಳೋದು ನಿಮ್ಮ ಜವಾಬ್ದಾರಿ. ನಿಮ್ಮ ಲೈಸೆನ್ಸೂ ರದ್ದು ಮಾಡಬೇಕಾಗತ್ತೆ."

"ಅಮ್ಮ ನೀರಿಗೆ ಬಿದ್ದಿದ್ದಾ?" ಇವರ ದನಿ ಏರಿತು. "ನೀರಿನ ಕ್ಯಾನು ಅಂದೆ ನನಗೆ. ಮೀನಿಗೋಸ್ಕರ ನೀನು ಅಮ್ಮನ್ನ..."

"ಅವಳನ್ನ ಯಾಕೋ ಅಂತೀಯ?" ಅತ್ತೆ ಎಂದರು. ಅಧಿಕಾರಿಣಿಯ ಕಡೆ ತಿರುಗಿದರು. "ಅಮ್ಮ, ನೀವು ಆ ಫೋಟೋ ಅದಲುಬದಲು ಮಾಡಿ."

"ಯಾಕೆ?"

"ಮಾಡಿ ನೋಡೋಣ."

ಅಧಿಕಾರಿಣಿ ಒಂದು ಗಳಿಗೆ ಅವರನ್ನು ನೋಡಿ, ಎರಡೂ ಫೋಟೋಗಳನ್ನು ತೆಗೆದು, ಬೆನ್ನ ಹಿಂದೆ ಒಯ್ದು, ಮತ್ತೆ ಇಟ್ಟರು. "ಈಗ?"

"ಈಗ ಗೊತ್ತಿಲ್ಲ" ಎಂದರು ಅತ್ತೆ. "ಆಗಲೂ ಗೊತ್ತಿರಲಿಲ್ಲ. ಎರಡರಲ್ಲೊಂದು ಅಂತ ಬೆರಳಿಟ್ಟೆ. ಆ ದಿನ ಬಕೆಟ್ಟಲ್ಲೂ ಗೊತ್ತಿರಲಿಲ್ಲ. ನನಗೆ ಕಣ್ಣು ಕಾಣಲ್ಲ. ಕಲ್ಲಿನ ಅಂಚು ಕಾಣದೆ ನಾನೇ ಕಾಲಿಟ್ಟೆ, ಇವಳೇನು ತಳ್ಳಿದ್ಲಾ? ಬರ್ಕೊಳ್ಳಿ, ಕಣ್ಣು ಕಾಣಲ್ಲ ಅಂತ. ದಪ್ಪ ಅಕ್ಷರದಲ್ಲಿ ಬರ್ಕೊಳ್ಳಿ, ನನಗಂತೂ ಓದೋಕಾಗಲ್ಲ."

ಇವರು ಕೂತರು, ಯಾರೋ ಕೂರಿಸಿದ ಹಾಗೆ.

ಅಧಿಕಾರಿಣಿ ಬರೆದದ್ದನ್ನು ಹೊಡೆದುಹಾಕಿ ಪುಸ್ತಿಕೆ ತೆರೆದರು. ಸಣ್ಣ ಅಕ್ಷರದ ಆ ಪುಟಕ್ಕೆ ಹೋಗಲು ಅವರಿಗೂ ಸ್ವಲ್ಪ ಹೊತ್ತು ಹಿಡಿಯಿತು. ಕಣ್ಣಿನ ಡಾಕ್ಟರಿಂದ ಪತ್ರ ತನ್ನಿ, ಬೇರೆ ಕಾರ್ಡು ಕೊಡುತ್ತೇವೆ, ಸೊಸೆಯ ಲೈಸೆನ್ಸ್ ಸದ್ಯಕ್ಕೆ ಇರಲಿ ಎಂದರು. "ಸಹಾಯಕರು ಒಬ್ಬರು ಬೇಕು. ಒಂದು ಮಾತು ತಿಳ್ಕೊಳ್ಳಿ. ಸಹಾಯಕರು ಅಲ್ಲಿರೋವಾಗ ತಾವು ಗಾಳ ಹಾಕೋ ಹಾಗಿಲ್ಲ, ಇವರ ಕೋಲನ್ನೂ ಹಿಡಿಯೋ ಹಾಗಿಲ್ಲ. ಎರಡು ಕಡೆ ಕಣ್ಣಿಡೋಕೆ ಆಗಲ್ಲ, ಈಗ ಕೇಳಿದ್ರಲ್ಲ. ಯಾರು ಸಹಾಯಕರು?"

ಹೊಸ ಕೋಲು ಬಾಗಿಲ ಹಿಂದೆ ನಿಂತಿರುವುದು ನೆನಪಾಯಿತು. ಭಾನುವಾರ ಒಂದೇ ನನಗೆ ರಜೆ, ಅತ್ತೆಯನ್ನು ಕೆರೆಗೆ ಕರೆದೊಯ್ಯಬೇಕಾದದ್ದೂ ಅದೇ ದಿನ.

"ನಾನು" ಎಂದೆ.

ಮೇ 9

ಇವರು ರಾತ್ರಿ ಹಜಾರದಲ್ಲೇ ಮಲಗಿದರು. ಬೆಳಿಗ್ಗೆ ಅಮ್ಮನ ಎದುರು ಕೂತು, "ನನ್ನ ಮುಖ ಕಾಣತ್ತಾ?" ಎಂದು ಕೇಳಿದರು.

"ಕಿವಿ ಕಾಣತ್ತೆ. ನಿಮ್ಮಪ್ಪಂದೇ ಕಿವಿ."

ಇವರು ಎದ್ದು ಹೊರಗೆ ಹೋದರು. ಬಾಗಿಲಲ್ಲಿ ನಿಂತು, ನನ್ನ ಕಡೆ ನೋಡದೆ ಹೇಳಿದರು: "ಹೋಗೋದಾದ್ರೆ ಹೋಗ್ಲಿ. ನೀನು ಅಮ್ಮನ ಮೇಲಿಂದ ಕಣ್ಣು ತೆಗೀಬಾರದು."

ಮೇ 19, ಭಾನುವಾರ

ಹೊಸ ಕಾರ್ಡು ಅತ್ತೆಯ ಎದೆಯ ಮೇಲೆ. ಮೂರು ಸಲ ಕೇಳಿದರು ಅದರಲ್ಲಿ ಏನು ಬರೆದಿದೆ ಎಂದು, ಮೂರು ಸಲವೂ ಪೂರ್ತಿ ಓದಿ ಹೇಳಿದೆ. ಮೂರನೆಯ ಸಲ "ಅಷ್ಟೇನಾ?" ಎಂದರು.

ಎರೆ ಸಿಕ್ಕಿಸಿ ಕೊಟ್ಟೆ. ಅವರೇ ಬೀಸಿದರು. ಜೊಂಡಿನ ಅಂಚಿಗಿಂತ ಒಂದು ಮಾರು ಈಚೆಗೆ ಬಿತ್ತು, ನಾನಾಗಿದ್ದರೆ ಇನ್ನೂ ಆಚೆ ಹಾಕುತ್ತಿದ್ದೆ. ಹೇಳಲಿಲ್ಲ.

"ನಿನ್ನ ಲೈಸೆನ್ಸ್ ಏನ್ಮಾಡ್ದೆ?"

"ಇದೆ, ರದ್ದಾಗಲಿಲ್ಲವಲ್ಲ. ನೀವು ಬರದೇ ಇರೋ ದಿನ ಹಾಕ್ತೀನಿ."

"ಹಾಗಾದ್ರೆ ನಾನು ಸಾಯೋ ತನಕ ಕಾಯ್ತೀಯಾ?"

"ನಿಧಾನವಾಗಿ ಸಾಯಿರಿ, ಅವಸರವಿಲ್ಲ" ಎಂದೆ. ಬಾಯಿಂದ ಬಂದುಬಿಟ್ಟಿತು. ಪಕ್ಕದ ದಡದವರು ತಿರುಗಿ ನೋಡುವಷ್ಟು ನಕ್ಕರು ಅತ್ತೆ.

ಹೊತ್ತು ಏರುವಾಗ ಬಿತ್ತು. ದೊಡ್ಡದು. ಕೋಲು ಅತ್ತೆಯ ಕೈಯಲ್ಲಿ ನೀರಿನ ಕಡೆಗೆ ಬಗ್ಗಿತು. ನಾನು ಅವರಿಗೆ ಎದುರಾಗಿ, ನೀರಿಗೆ ಬೆನ್ನು ಕೊಟ್ಟು, ಅಂಚಿನ ಕಲ್ಲಿನ ಮೇಲೆ ಅಡ್ಡ ಕೂತಿದ್ದೆ. ಅವರು ಮತ್ತೆ ಎದ್ದು ಬಂದರೆ ಮೊದಲು ನಾನು ಸಿಗಬೇಕು ಎಂದು. ಕತ್ತು ತಿರುಗಿಸಿ ಬೆಂಡು ನೋಡಿದೆ. ಹಿಡಿದುಬಿಡು, ಹಿಡಿದುಬಿಡು ಎಂದು ಬೆರಳುಗಳು ಒಂದೇ ಸಮನೆ ಎಳೆಯುತ್ತಿದ್ದವು. ಏರಿಯ ಮೇಲೆ ಸೀಟಿಯವನು ನಿಂತಿದ್ದ.

"ಎತ್ತ ಓಡ್ತಿದೆ ಹೇಳು."

"ಎಡಕ್ಕೆ. ದಾರ ಕೊಡಿ. ಇನ್ನೂ ಕೊಡಿ. ಈಗ ನಿಂತಿದೆ. ಎಳೀರಿ, ಮೆಲ್ಲಗೆ. ಬಲಕ್ಕೆ ತಿರುಗ್ತು. ಜೊಂಡಿನ ಕಡೆ ಹೋಗ್ತಿದೆ, ಕೋಲು ಎಡಕ್ಕೆ ಬಗ್ಗಿಸಿ, ಎಡಕ್ಕೆ."

ಬಗ್ಗಿಸಿದರು. ನಾನು ಹೇಳಿದ್ದು ನನ್ನ ಎಡ. ಎದುರು ಕೂತವರ ಎಡ ಬೇರೆ ಎಂದು ಹೊಳೆಯುವಷ್ಟರಲ್ಲಿ ದಾರ ಜೊಂಡಿಗೆ ಸಿಕ್ಕಿ ಟಪ್ಪೆಂದಿತು. ಕೋಲು ನೆಟ್ಟಗಾಯಿತು.

ಅತ್ತೆ ತುಂಡಾದ ದಾರವನ್ನು ಎಳೆದುಕೊಂಡು ತುದಿ ಮುಟ್ಟಿ ನೋಡಿದರು. ಆಮೇಲೆ ಶುರುವಾಯಿತು. ಇಷ್ಟೆಲ್ಲ ಓದಿದ್ದೀಯ, ಎಡ ಯಾವುದು ಬಲ ಯಾವುದು ಅಂತ ಯಾರೂ ಹೇಳಿಕೊಡ್ಲಿಲ್ವಾ, ಕಣ್ಣಿರೋದು ಏತಕ್ಕೆ, ನಿನ್ನನ್ನ ನಂಬಿದ್ದಕ್ಕಿಂತ ನನ್ನ ಬೆರಳು ನಂಬಿದ್ರೆ ಆಗ್ತಿತ್ತು, ಜೀವಮಾನದಲ್ಲಿ ಅಂಥದ್ದು ಬಿದ್ದಿರಲಿಲ್ಲ. ಈ ಮನೆಗೆ ನಾನು ಬಂದಾಗಿನಿಂದ ಅವರು ನನ್ನ ಜೊತೆ ಇಷ್ಟು ಮಾತಾಡಿದ್ದಿಲ್ಲ. ಎಲ್ಲ ಬೈಸಿಕೊಂಡು, ಎದ್ದು, ಅವರ ಪಕ್ಕಕ್ಕೆ ಬಂದು, ಅವರು ನೋಡುವ ದಿಕ್ಕಿಗೇ ಮುಖ ಮಾಡಿ ಕೂತೆ. ಅಂಚಿನ ಕಡೆಯ ಅವರ ಕಾಲಿಗೆ ನನ್ನ ಕಾಲು ಅಡ್ಡ ಇಟ್ಟೆ. ಹೊಸ ಕೊಕ್ಕೆ ಕಟ್ಟಿ ಎರೆ ಸಿಕ್ಕಿಸಿದೆ.

ಬೀಸಿದರು. ಬಿತ್ತು.

"ನಿನ್ನ ಕೈ ಎಲ್ಲಿದೆ?" ಎಂದರು.

"ತೊಡೆ ಕೆಳಗೆ ಇಟ್ಕೊಂಡಿದ್ದೀನಿ."

"ಅಲ್ಲೇ ಇರಲಿ. ಬೆಂಡು ಏನ್ಮಾಡ್ತಿದೆ?"

"ಸುಮ್ನಿದೆ" ಎಂದೆ. "ಸ್ವಲ್ಪ ಬಲಕ್ಕೆ ವಾಲಿದೆ. ನಿಮ್ಮ ಬಲ. ಅದರ ಹತ್ರ ಒಂದು ಎಲೆ ಬಂತು. ಈಗ ಹೋಯ್ತು."

"ಹೂಂ" ಎಂದರು ಅತ್ತೆ. "ಹೇಳ್ತಿರು."